ಬೋರಲು ಮಲಗುವ ನಲವತ್ತು ನಿಮಿಷ

ವೈದ್ಯರು ಕೊಟ್ಟ ಚೀಟಿಯಲ್ಲಿರುವುದು ಮೂರೇ ಪದ: ‘ಎಂಆರ್‌ಐ ಬ್ರೆಸ್ಟ್, ಕಾಂಟ್ರಾಸ್ಟ್’. ಅದನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಚಿಂತಾಮಣಿಯ ಬಸ್ಸು ಹತ್ತುವ ಹೆಣ್ಣುಮಗಳ ತಲೆಯಲ್ಲಿ ಮೂವತ್ತು ಪ್ರಶ್ನೆಗಳಿರುತ್ತವೆ. ಬಟ್ಟೆ ಬಿಚ್ಚಬೇಕಾ? ಒಳಗೆ ಗಂಡಸರು ಇರ್ತಾರಾ? ತಾಳಿ ತೆಗೀಬೇಕಂತೆ, ಹೌದಾ? ಉಸಿರು ಕಟ್ಟುತ್ತಾ? ಸೂಜಿ ಎದೆಗೇ ಚುಚ್ತಾರಾ? ಪಕ್ಕದಲ್ಲಿ ಕೂತ ಗಂಡನನ್ನು ಕೇಳಲು ಸಂಕೋಚ. ವೈದ್ಯರನ್ನು ಕೇಳೋಣವೆಂದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಕೊನೆಗೆ ಉತ್ತರ ಸಿಗುವುದು ನೆರೆಮನೆಯಲ್ಲಿ, ಯಾವತ್ತೋ ತಲೆಯ ಸ್ಕ್ಯಾನ್ ಮಾಡಿಸಿಕೊಂಡವರ ಬಾಯಿಂದ: “ಅಯ್ಯೋ, ಅದೊಂದು ಗುಹೆ ಕಣಮ್ಮ. ಒಳಗೆ ತಳ್ಳಿಬಿಡ್ತಾರೆ.”

ಅಲ್ಲಿಗೆ ಅರ್ಧ ಧೈರ್ಯ ಹೋಯಿತು. ಉಳಿದರ್ಧ ಹೋಗುವ ಹೊತ್ತಿಗೆ ಸ್ಕ್ಯಾನಿನ ದಿನ ಮುಂದಿನ ವಾರಕ್ಕೆ, ಅಲ್ಲಿಂದ ಹಬ್ಬ ಮುಗಿದ ಮೇಲಕ್ಕೆ ಜಾರಿರುತ್ತದೆ.

ಸ್ತನದ ಎಂಆರ್‌ಐ ನೋವಿನ ಪರೀಕ್ಷೆಯಲ್ಲ. ಏನು ನಡೆಯುತ್ತದೆಂದು ತಿಳಿಯದೆ ಒಳಗೆ ಹೋಗುವುದೇ ಅದರಲ್ಲಿರುವ ದೊಡ್ಡ ಕಷ್ಟ. ಆ ಕಷ್ಟವನ್ನು ಮಾತಿನಿಂದಲೇ ಕಳೆಯಬಹುದು. ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅಕ್ಕತಂಗಿಯರಿಗಾಗಿ ಆ ಕೋಣೆಯ ಬಾಗಿಲನ್ನು ಇಲ್ಲಿ ಮೊದಲೇ ತೆರೆದಿಟ್ಟಿದ್ದೇನೆ.

ಮೊದಲ ಮೆಟ್ಟಿಲು ಇದಲ್ಲ

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ಕೂಡಲೇ ಎಂಆರ್‌ಐ ಕೇಂದ್ರಕ್ಕೆ ಓಡಬೇಕಾಗಿಲ್ಲ. ಮೊದಲು ವೈದ್ಯರು ಕೈಯಿಂದ ಮುಟ್ಟಿ ನೋಡಬೇಕು. 30 ವರ್ಷ ದಾಟಿದ ಮಹಿಳೆಯರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಸುವುದು ನಮ್ಮ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಊರಿನ ಆರೋಗ್ಯ ಕೇಂದ್ರದಲ್ಲಿ ಅದನ್ನು ಕೇಳಿ ಪಡೆಯಬಹುದು. ಅನುಮಾನ ಬಂದರೆ ಮ್ಯಾಮೊಗ್ರಾಂ, ಚಿಕ್ಕ ವಯಸ್ಸಿನವರಾದರೆ ಅಲ್ಟ್ರಾಸೌಂಡ್. ಆಮೇಲೂ ಅನುಮಾನ ಉಳಿದರೆ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ. ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ, ನಮ್ಮ ಊಹೆಯಲ್ಲ.

ಇಷ್ಟಾದ ಮೇಲೂ ಪ್ರಶ್ನೆಯೊಂದು ಉಳಿದಾಗ ಎಂಆರ್‌ಐ ಬರುತ್ತದೆ. ಕ್ಯಾನ್ಸರ್ ಖಚಿತವಾದವರಲ್ಲಿ ಅದು ಎಷ್ಟು ಹಬ್ಬಿದೆ, ಇನ್ನೊಂದು ಸ್ತನದಲ್ಲೂ ಏನಾದರೂ ಅಡಗಿದೆಯೇ ಎಂದು ನೋಡಲು. ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಕೊಟ್ಟಿದ್ದರೆ ಗೆಡ್ಡೆ ಎಷ್ಟು ಕರಗಿದೆ ಎಂದು ಅಳೆಯಲು. ಕಂಕುಳಿನ ಗಂಟಿನಲ್ಲಿ ಕ್ಯಾನ್ಸರ್ ಸಿಕ್ಕಿ, ಅದರ ಮೂಲ ಮ್ಯಾಮೊಗ್ರಾಂನಲ್ಲಿ ಕಾಣದೆ ಹೋದಾಗ ಹುಡುಕಲು. ತಾಯಿಗೆ, ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದು, ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ತಮ್ಮಲ್ಲೂ ಇದೆಯೆಂದು ಗೊತ್ತಾದವರಿಗೆ, ಚಿಕ್ಕಂದಿನಲ್ಲಿ ಎದೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಿಗೆ ಇದು ನಿಯಮಿತ ಕಾವಲು.

ಸ್ತನದ ಅಂಗಾಂಶ ತುಂಬಾ ದಟ್ಟವಾಗಿದ್ದರೆ ಮ್ಯಾಮೊಗ್ರಾಂ ಚಿತ್ರ ಬೆಳ್ಳಗೆ ಮುಚ್ಚಿಹೋಗುತ್ತದೆ. ಗೆಡ್ಡೆಯೂ ಬಿಳುಪಾಗಿಯೇ ಕಾಣುವುದರಿಂದ ಮಂಜಿನಲ್ಲಿ ಬಿಳಿ ಬಟ್ಟೆ ಹುಡುಕಿದ ಹಾಗೆ. ಅಂಥ ಮಹಿಳೆಯರ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ಬಯಲಾಗುವ ಕ್ಯಾನ್ಸರ್ ಮ್ಯಾಮೊಗ್ರಾಂ ಮಾತ್ರ ಮಾಡಿಸಿಕೊಂಡವರಲ್ಲಿ ಸಾವಿರಕ್ಕೆ 5 ಇದ್ದರೆ, ಎಂಆರ್‌ಐಗೂ ಆಹ್ವಾನ ಪಡೆದವರ ಗುಂಪಿನಲ್ಲಿ ಸಾವಿರಕ್ಕೆ 2.5ಕ್ಕೆ ಇಳಿದಿತ್ತು.

ಹಾಗಾದರೆ ಎಲ್ಲರಿಗೂ ಇದನ್ನೇ ಮಾಡಬಹುದಲ್ಲ ಎಂಬ ಪ್ರಶ್ನೆ ಸಹಜ. ಈ ಯಂತ್ರದ ಕಣ್ಣು ಅತಿ ಚುರುಕು. ನಿರುಪದ್ರವಿ ಗಂಟನ್ನೂ ಎತ್ತಿ ತೋರಿಸುತ್ತದೆ. ಆಗ ಬೇಡದ ಬಯಾಪ್ಸಿ, ಬೇಡದ ನಿದ್ದೆಗೇಡು. ಅದೂ ಅಲ್ಲದೆ, ಮ್ಯಾಮೊಗ್ರಾಂನಲ್ಲಿ ಉಪ್ಪಿನ ಹರಳಿನ ಹಾಗೆ ಕಾಣುವ ಸಣ್ಣ ಸುಣ್ಣದ ಕಣಗಳನ್ನು ಇದು ಕಾಣದು. ಆದ್ದರಿಂದ ಮ್ಯಾಮೊಗ್ರಾಂ ಇರುವ ಕಡೆಯೇ ಇರುತ್ತದೆ, ಎಂಆರ್‌ಐ ಅದರ ಪಕ್ಕ ನಿಲ್ಲುತ್ತದೆ.

ಎರಡು ಲೆಕ್ಕದ ದಿನಗಳು

ಮುಟ್ಟು ನಿಲ್ಲದವರಿಗೆ ಈ ಸ್ಕ್ಯಾನಿಗೆ ಒಳ್ಳೆಯ ಕಾಲ, ಮುಟ್ಟಾದ ದಿನದಿಂದ ಎಣಿಸಿದರೆ ಸುಮಾರು 7ರಿಂದ 14ನೇ ದಿನ. ತಿಂಗಳ ಹಾರ್ಮೋನುಗಳ ಏರಿಳಿತದಿಂದ ಆರೋಗ್ಯವಂತ ಸ್ತನದ ಅಂಗಾಂಶವೂ ಕೆಲವು ದಿನ ಹೆಚ್ಚು ರಕ್ತ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಆ ಹೊಳಪಿನ ನಡುವೆ ರೋಗದ ಹೊಳಪನ್ನು ಬೇರೆ ಮಾಡುವುದು ಕಷ್ಟ. ಎರಡನೇ ವಾರದಲ್ಲಿ ಈ ಗದ್ದಲ ಕಡಿಮೆ. ಕ್ಯಾನ್ಸರ್ ಖಚಿತವಾಗಿ ಚಿಕಿತ್ಸೆ ಅವಸರದಲ್ಲಿದ್ದರೆ ಮಾತ್ರ ಈ ಲೆಕ್ಕಕ್ಕೆ ಕಾಯುವುದಿಲ್ಲ. ಮುಟ್ಟು ನಿಂತವರು ಯಾವ ದಿನವಾದರೂ ಹೋಗಬಹುದು.

ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಲ್ಲಿ ಹೆಂಗಸರ ತಿಂಗಳಿಗೆ ಇನ್ನೊಂದು ಲೆಕ್ಕವೂ ಇದೆ, ಅದು ರೇಷ್ಮೆಹುಳುವಿನದು. ಮರಿಹುಳುವಿನ ಚಾಕಿಯಿಂದ ಗೂಡಿನವರೆಗೆ ಒಂದು ಬೆಳೆಗೆ ಸುಮಾರು 25 ದಿನ. ಕೊನೆಯ ಹಂತದಲ್ಲಿ ಹುಳು ರಾಶಿರಾಶಿ ಸೊಪ್ಪು ತಿನ್ನುತ್ತದೆ. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ದಿನವಂತೂ ಮನೆಯ ಹೆಂಗಸು ಊಟಕ್ಕೂ ಕೂರುವುದಿಲ್ಲ. ಸ್ಕ್ಯಾನಿನ ದಿನವೂ ಹುಳು ಹಣ್ಣಾಗುವ ದಿನವೂ ಒಂದೇ ಬಿದ್ದರೆ ಗೆಲ್ಲುವುದು ಯಾವುದೆಂದು ಈ ಸೀಮೆಯ ಎಲ್ಲರಿಗೂ ಗೊತ್ತು. ಆದ್ದರಿಂದ ದಿನ ಗೊತ್ತುಮಾಡುವಾಗ ಎರಡೂ ಲೆಕ್ಕವನ್ನು ಬಾಯಿಬಿಟ್ಟು ಹೇಳಿ. ಮುಟ್ಟಿನ ದಿನವನ್ನು ಕೌಂಟರಿನಲ್ಲಿ ಹೇಳಲು ನಾಚಿಕೆಪಡಬೇಕಾಗಿಲ್ಲ. ಅಲ್ಲಿ ಅದು ರಕ್ತದ ಗುಂಪಿನಷ್ಟೇ ಸಾದಾ ಮಾಹಿತಿ. ಮನೆಯವರಿಗೂ ಒಂದು ಮಾತು: ಒಂದು ದಿನ ಸೊಪ್ಪು ಹಾಕಲು ಗಂಡನಿಗೂ ಮಗನಿಗೂ ಕೈಗಳಿವೆ.

ಇನ್ನೊಂದು ವಿಷಯವನ್ನು ಫೋನಿನಲ್ಲೇ ಕೇಳಿಕೊಳ್ಳಿ. ಎಂಆರ್‌ಐ ಯಂತ್ರ ಇರುವ ಕಡೆಯೆಲ್ಲ ಸ್ತನದ ಎಂಆರ್‌ಐ ಆಗುವುದಿಲ್ಲ. ಅದಕ್ಕೆ ‘ಬ್ರೆಸ್ಟ್ ಕಾಯಿಲ್’ ಎಂಬ ಪ್ರತ್ಯೇಕ ಸಾಧನ ಬೇಕು. ಚೀಟಿಯಲ್ಲಿ ‘ಕಾಂಟ್ರಾಸ್ಟ್’ ಎಂದಿರುವುದು ರಕ್ತಕ್ಕೆ ಬಿಡುವ ಡೈ. “ನಿಮ್ಮಲ್ಲಿ ಬ್ರೆಸ್ಟ್ ಕಾಯಿಲ್ ಇದೆಯಾ? ಡೈ ಇಂಜೆಕ್ಷನ್ ದುಡ್ಡು ದರದಲ್ಲೇ ಸೇರಿದೆಯಾ?” – ಈ ಎರಡು ಪ್ರಶ್ನೆ ಕೇಳಿದರೆ ಬೆಂಗಳೂರಿಗೋ ಕೋಲಾರಕ್ಕೋ ಹೋಗಿ ಬರಿಗೈಲಿ ವಾಪಸು ಬರುವುದು ತಪ್ಪುತ್ತದೆ. ಈ ನಾಲ್ಕು ಊರುಗಳಿಂದ ಬೆಂಗಳೂರು ಅರವತ್ತರಿಂದ ಎಂಬತ್ತು ಕಿಲೋಮೀಟರ್ ಆಸುಪಾಸು. ಆ ದೂರದ ಪ್ರಯಾಣ, ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ ಇವೆಲ್ಲ ಸೇರಿದರೆ ಪರೀಕ್ಷೆಯ ಖರ್ಚು ಬಿಲ್ಲಿನಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮಗೆ ಹೇಳಿದ ಸ್ಕ್ಯಾನು ಅದರಡಿ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ಹೊರಡುವ ಮೊದಲೇ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಗೌರಿಬಿದನೂರಿನ ಆಂಟೆನಾ ಹೇಳುವ ಪಾಠ

ಈ ಯಂತ್ರ ಒಳಗೆ ಮಾಡುವುದಾದರೂ ಏನು? ಅರ್ಥಮಾಡಿಕೊಳ್ಳಲು ಗೌರಿಬಿದನೂರಿನವರಿಗೆ ಮನೆಬಾಗಿಲಲ್ಲೇ ಒಂದು ಉದಾಹರಣೆ ಇದೆ. ಊರಾಚೆಯ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕವನ್ನು ಸ್ಥಾಪಿಸಿದವು. ಆಮೇಲೆ ಅಲ್ಲೇ ಸೂರ್ಯನಿಗಾಗಿ ಇನ್ನೊಂದು ಬಂತು. ಆಕಾಶದಿಂದ ಬರುವ ಕ್ಷೀಣ ರೇಡಿಯೊ ಅಲೆಗಳನ್ನು ಕೇಳಿಸಿಕೊಂಡು ಅವುಗಳಿಂದಲೇ ಚಿತ್ರ ಕಟ್ಟುವುದು ಅವುಗಳ ಕೆಲಸ. ಎಂಆರ್‌ಐ ಮಾಡುವುದೂ ಅದನ್ನೇ. ಅದು ಕೇಳಿಸಿಕೊಳ್ಳುವುದು ನಮ್ಮ ಮೈಯ ನೀರಿನಿಂದ ಬರುವ ಅಲೆಗಳನ್ನು.

ನೀರಿನಲ್ಲೂ ಕೊಬ್ಬಿನಲ್ಲೂ ಜಲಜನಕದ ಕಣಗಳಿವೆ. ಪ್ರತಿ ಕಣವೂ ಒಂದು ಪುಟಾಣಿ ಸೂಜಿಗಲ್ಲು. ದೊಡ್ಡ ಕಾಂತದೊಳಗೆ ಮಲಗಿದಾಗ ಅವು ಒಂದು ಶಿಸ್ತಿಗೆ ಬರುತ್ತವೆ. ಆಗ ರೇಡಿಯೊ ಅಲೆಯೊಂದನ್ನು ಕಳಿಸಿ ಅವನ್ನು ಓಲಾಡಿಸಿದರೆ, ಮತ್ತೆ ಸ್ಥಿತಿಗೆ ಮರಳುವಾಗ ಅವೂ ಒಂದು ಅಲೆಯನ್ನು ಹೊರಡಿಸುತ್ತವೆ. ಗೆಡ್ಡೆಯ ನೀರು ಮರಳುವ ರೀತಿಯೇ ಬೇರೆ, ಕೊಬ್ಬು ಮರಳುವ ರೀತಿಯೇ ಬೇರೆ. ಈ ವ್ಯತ್ಯಾಸವನ್ನು ಕಂಪ್ಯೂಟರ್ ಚಿತ್ರವಾಗಿಸುತ್ತದೆ. 1.5 ಟೆಸ್ಲಾ ಶಕ್ತಿಯ ಯಂತ್ರದಲ್ಲಿ ಈ ಅಲೆಯ ಕಂಪನಾಂಕ ಸುಮಾರು 64 ಮೆಗಾಹರ್ಟ್ಸ್. ಆಕಾಶವಾಣಿಯ ಎಫ್‌ಎಂ ರೇನ್‌ಬೋ ಬೆಂಗಳೂರಿನಲ್ಲಿ ಕೇಳುವುದು 101.3ರಲ್ಲಿ, ಗೌರಿಬಿದನೂರಿನ ಸೌರ ದೂರದರ್ಶಕ ಸೂರ್ಯನಿಗೆ ಕಿವಿಗೊಡುವುದು 40ರಿಂದ 120 ಮೆಗಾಹರ್ಟ್ಸ್ ನಡುವೆ. ನಿಮ್ಮ ಎದೆಯ ನೀರು ಉತ್ತರಿಸುವ ಅಲೆ ಅದೇ ಸಾಲಿನದು. ಎಕ್ಸ್‌ರೇ, ಸಿ.ಟಿ., ಮ್ಯಾಮೊಗ್ರಾಂಗಳಲ್ಲಿರುವಂಥ ವಿಕಿರಣ ಇದರಲ್ಲಿ ಇಲ್ಲ. ಶಾಕ್ ಹೊಡೆಯುವುದೂ ಇಲ್ಲ. ಹೀಗೆ ಚಿತ್ರ ಕಟ್ಟುವ ದಾರಿ ತೋರಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ದೂರದರ್ಶಕಕ್ಕೆ ನಗರದ ರೇಡಿಯೊ ಗದ್ದಲವಿಲ್ಲದ ಜಾಗ ಬೇಕು. ಹಾಗೆಯೇ ಎಂಆರ್‌ಐ ಕೋಣೆಯ ಗೋಡೆಗಳಿಗೆ ಒಳಗಿನಿಂದ ತಾಮ್ರದ ತಗಡು ಹೊದಿಸಿ ಹೊರಗಿನ ರೇಡಿಯೊ ಅಲೆಗಳನ್ನು ತಡೆದಿರುತ್ತಾರೆ. ಬಾಗಿಲು ಅಷ್ಟು ದಪ್ಪಗಿರುವುದು, ಭದ್ರವಾಗಿ ಮುಚ್ಚುವುದು ಆ ಕಾರಣಕ್ಕೆ. ಯಾರನ್ನೋ ಕೂಡಿಹಾಕಲು ಅಲ್ಲ.

ಬಾಗಿಲಾಚೆ ಬಿಟ್ಟು ಹೋಗಬೇಕಾದದ್ದು

ಆ ಕಾಂತದ ಶಕ್ತಿ ಭೂಮಿಯ ಕಾಂತಶಕ್ತಿಯ ಮೂವತ್ತು ಸಾವಿರ ಪಟ್ಟು. ದ್ರವರೂಪದ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿ ಮುಳುಗಿದ ತಂತಿಸುರುಳಿಯಿಂದ ಅದು ಹುಟ್ಟುತ್ತದೆ. ಸ್ಕ್ಯಾನ್ ನಡೆಯದಿದ್ದಾಗಲೂ ಹಗಲುರಾತ್ರಿ ಜೀವಂತ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದಾಗ ಕಾಂತ ಅದನ್ನು ಸೆಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು. ಸಿಬ್ಬಂದಿ ನೂರೆಂಟು ಪ್ರಶ್ನೆ ಕೇಳುವುದು, ಪಿನ್ನು ಕೂಡ ತೆಗೆಸುವುದು ಇದೇ ಎಚ್ಚರದಿಂದ.

ತೆಗೆಯಬೇಕಾದವುಗಳ ಪಟ್ಟಿ ನಮ್ಮ ಹೆಂಗಸರಿಗೆ ಉದ್ದವೇ: ಮಾಂಗಲ್ಯ, ಬಳೆ, ಓಲೆ, ಮೂಗುಬೊಟ್ಟು, ಕಾಲುಂಗುರ, ಕಾಲ್ಗೆಜ್ಜೆ, ಕೂದಲ ಕ್ಲಿಪ್ಪು, ಸೆರಗಿನ ಪಿನ್ನು, ಸೊಂಟದ ಉಡಿದಾರ, ತೋಳಿನ ತಾಯತ, ಕೊಕ್ಕೆಯಿರುವ ಒಳಉಡುಪು. ಜರಿಯಲ್ಲೂ ಲೋಹದ ಎಳೆ ಇರುವುದರಿಂದ ಜರಿಯಂಚಿನ ಸೀರೆ, ರವಿಕೆಯೂ ಒಳಗೆ ಸಲ್ಲವು. ಚಿನ್ನ, ಬೆಳ್ಳಿಯನ್ನು ಕಾಂತ ಸೆಳೆಯದಿದ್ದರೂ ಅವು ಬಿಸಿಯಾಗಬಹುದು, ಚಿತ್ರ ಕೆಡಿಸಬಹುದು. ಮಾಂಗಲ್ಯ ತೆಗೆಯುವುದು ಅನೇಕರಿಗೆ ಮನಸ್ಸಿಗೆ ನೋವಾಗುವ ಕೆಲಸ. ಮನೆಯಲ್ಲೇ ನೆಮ್ಮದಿಯಾಗಿ ತೆಗೆದು ದೇವರ ಮುಂದಿಟ್ಟು, ಕೊರಳಿಗೆ ಅರಿಶಿನ ದಾರ ಕಟ್ಟಿಕೊಂಡು ಹೊರಟರೆ ಅಪರಿಚಿತ ಕೋಣೆಯಲ್ಲಿ ಆತುರಾತುರವಾಗಿ ಬಿಚ್ಚುವ ಸಂಕಟ ಇರುವುದಿಲ್ಲ. ಬಿಗಿಯಾದ ಕಾಲುಂಗುರವನ್ನೂ ಹಿಂದಿನ ದಿನವೇ ಸೋಪು ಹಚ್ಚಿ ಸಡಿಲಿಸಿ.

ಮೈಯೊಳಗಿನ ಲೋಹದ ಬಗ್ಗೆಯೂ ಕೇಳುತ್ತಾರೆ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಸ್ಟೆಂಟ್, ಮೂಳೆಗೆ ಕೂರಿಸಿದ ರಾಡು, ಕಣ್ಣಿಗೆ ಹಾರಿದ ಕಬ್ಬಿಣದ ಚೂರು, ಕಾಪರ್‌ಟಿ – ಯಾವುದನ್ನೂ ಮುಚ್ಚಿಡಬೇಡಿ. ಇವುಗಳಲ್ಲಿ ಎಷ್ಟೋ ಸ್ಕ್ಯಾನಿಗೆ ಅಡ್ಡಿಯಾಗುವುದಿಲ್ಲ. ತೀರ್ಮಾನ ಸಿಬ್ಬಂದಿಯದು, ಹೇಳುವ ಜವಾಬ್ದಾರಿ ನಮ್ಮದು. ಕಿಡ್ನಿ ತೊಂದರೆ, ಆಸ್ತಮಾ, ಔಷಧಿಯ ಅಲರ್ಜಿ ಇದ್ದರೂ ಹೇಳಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲ ಮಾತೇ ಅದಾಗಲಿ, ಏಕೆಂದರೆ ಗರ್ಭಿಣಿಯರಿಗೆ ಡೈ ಕೊಡುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ.

ಈ ಪ್ರಶ್ನೆಗಳ ಫಾರಂ ಬಹಳ ಕಡೆ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಸೀಮೆಯಲ್ಲಿ ಮನೆಮಾತು ತೆಲುಗೋ ಉರ್ದುವೋ ಆಗಿರುವವರು ಬಹಳ ಮಂದಿ. ಅರ್ಥವಾಗದ ಫಾರಂಗೆ ಸಹಿ ಹಾಕಬೇಡಿ, ಓದಿ ಹೇಳಿಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಮೇಜಿನ ಮೇಲೆ

ಬಟ್ಟೆ ಬದಲಿಸಿ ಆಸ್ಪತ್ರೆಯ ಗೌನು ತೊಡುತ್ತೀರಿ, ಗುಂಡಿ ಮುಂದೆ ಬರುವ ಹಾಗೆ. ಮೊಳಕೈ ಹತ್ತಿರವೋ ಮುಂಗೈಗೋ ಗ್ಲೂಕೋಸ್ ಹಾಕುವಾಗಿನಂಥ ಸಣ್ಣ ಸೂಜಿನಳಿಕೆ ಕೂರಿಸುತ್ತಾರೆ. ಇಡೀ ಪರೀಕ್ಷೆಯಲ್ಲಿ ಚುಚ್ಚುವುದು ಇಷ್ಟೇ, ಎದೆಗೆ ಸೂಜಿ ಇಲ್ಲ. ಮಹಿಳಾ ಸಿಬ್ಬಂದಿಯೇ ಬೇಕೆಂದು ಕೇಳಬಹುದು. ದಿನ ಗೊತ್ತುಮಾಡುವಾಗಲೇ ಕೇಳಿದರೆ ಏರ್ಪಾಡು ಸುಲಭ.

ತಲೆಯ ಸ್ಕ್ಯಾನಿನಲ್ಲಿ ಅಂಗಾತ ಮಲಗುತ್ತಾರೆ. ಇಲ್ಲಿ ಬೋರಲು. ಮೇಜಿನ ಮೇಲಿರುವ ಬ್ರೆಸ್ಟ್ ಕಾಯಿಲ್‌ನಲ್ಲಿ ಎರಡು ಹಳ್ಳಗಳಿರುತ್ತವೆ. ಸ್ತನಗಳು ಅವುಗಳೊಳಗೆ ಸಹಜವಾಗಿ ಇಳಿಬೀಳುತ್ತವೆ. ಎದೆಮೂಳೆ ನಡುವಿನ ಪಟ್ಟಿಯ ಮೇಲೆ, ಹಣೆ ಮೆತ್ತೆಯ ಮೇಲೆ, ಕೈಗಳು ತಲೆಯ ಮುಂದಕ್ಕೋ ಪಕ್ಕಕ್ಕೋ. ಮ್ಯಾಮೊಗ್ರಾಂನಲ್ಲಿ ಹಲಗೆಗಳ ನಡುವೆ ಒತ್ತುವ ಹಾಗೆ ಇಲ್ಲಿ ಒತ್ತುವುದಿಲ್ಲ. ಸಿಬ್ಬಂದಿ ಸ್ತನಗಳ ಸ್ಥಾನವನ್ನು ಒಮ್ಮೆ ಕೈಯಿಂದ ಸರಿಪಡಿಸಬಹುದು. ಚಿತ್ರದಲ್ಲಿ ಮಡಿಕೆ ಬೀಳದಿರಲೆಂದು ಅದು ಬೇಕೇ ಬೇಕು. ಎದೆಮೂಳೆಗೋ ಕುತ್ತಿಗೆಗೋ ಒತ್ತುತ್ತಿದ್ದರೆ ಆಗಲೇ ಹೇಳಿ, ಇನ್ನೊಂದು ಮೆತ್ತೆ ಇಡುತ್ತಾರೆ. ಆಮೇಲೆ ಅಲುಗಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಕಿವಿಗೆ ಬಿರಡೆಯೋ ಹೆಡ್‌ಫೋನೋ, ಕೈಗೆ ಒಂದು ರಬ್ಬರ್ ಬುಗ್ಗೆ. ಆ ಬುಗ್ಗೆ ಒತ್ತಿದರೆ ಹೊರಗೆ ಗಂಟೆ ಬಾರಿಸುತ್ತದೆ, ತಕ್ಷಣ ನಿಲ್ಲಿಸಿ ಮಾತಾಡಿಸುತ್ತಾರೆ. ಸಿಬ್ಬಂದಿ ಗಾಜಿನಾಚೆ ಕೂತು ಮೈಕಿನಲ್ಲಿ ಮಾತಾಡುತ್ತಾ ಇಡೀ ಹೊತ್ತು ನಿಮ್ಮನ್ನು ನೋಡುತ್ತಿರುತ್ತಾರೆ. ನೀವು ಹೋಗುವುದು ಎರಡೂ ಬದಿ ತೆರೆದ ಕೊಳವೆಯೊಳಗೆ. ಒಳಗೆ ದೀಪವಿದೆ, ಗಾಳಿಯಾಡುತ್ತದೆ. ಮುಖ ಕೆಳಗೆ ಇರುವುದರಿಂದ ಕೊಳವೆಯ ಮೇಲ್ಛಾವಣಿ ಕಣ್ಣಿಗೆ ಬೀಳುವುದೇ ಇಲ್ಲ. ಇಕ್ಕಟ್ಟಿನ ಜಾಗವೆಂದರೆ ಎದೆ ಹೊಡೆದುಕೊಳ್ಳುವವರು ಮೊದಲೇ ವೈದ್ಯರಿಗೆ ಹೇಳಿದರೆ ಹಗುರವಾದ ಶಾಂತಿ ಮಾತ್ರೆ ಕೊಡುವುದುಂಟು. ಮಾತ್ರೆ ತೆಗೆದುಕೊಂಡ ದಿನ ಒಬ್ಬರೇ ಬಸ್ಸಿನಲ್ಲಿ ಮರಳಬಾರದು, ಜೊತೆಗೊಬ್ಬರು ಇರಲಿ.

ಯಂತ್ರ ಶುರುವಾದರೆ ಸದ್ದೋ ಸದ್ದು. ಟಕಟಕ, ಗುರ್ರ್, ನಡುವೆ ಮೌನ, ಮತ್ತೆ ಟಕಟಕ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಬೀದಿಯಲ್ಲಿ ನಡೆದವರಿಗೆ ಇದು ಅಪರಿಚಿತವೆನಿಸದು. ತಂತಿಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಾಗ ಅವು ಅದುರುತ್ತವೆ, ಸದ್ದು ಅಲ್ಲಿಂದ. ಏನೂ ಕೆಟ್ಟಿಲ್ಲ, ಏನೂ ಬೀಳುತ್ತಿಲ್ಲ.

ನಿಮ್ಮಿಂದ ಆಗಬೇಕಾದ ಒಂದೇ ಕೆಲಸ, ಅಲುಗದೆ ಇರುವುದು. ಹುಳು ಸಾಕಿದವರಿಗೆ ಇದರ ಬೆಲೆ ಗೊತ್ತು. ಹುಳು ಜ್ವರಕ್ಕೆ ಕೂತಾಗ ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಆಗ ಮನೆಯವರು ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುವ ಹೊತ್ತದು. ಇಲ್ಲಿಯೂ ನಿಶ್ಚಲತೆಯೊಳಗೇ ಕೆಲಸ ನಡೆಯುತ್ತಿರುತ್ತದೆ. ಉಸಿರಾಟ ಎಂದಿನಂತೆ, ಆದರೆ ಮೆಲ್ಲಗೆ. ಕೆಮ್ಮು ಬರುವ ಹಾಗಿದ್ದರೆ ಸದ್ದು ನಿಂತ ಬಿಡುವಿನಲ್ಲಿ ಕೆಮ್ಮಿಕೊಳ್ಳಿ. ದೇವರ ನಾಮ ಎಣಿಸುವವರು ಎಣಿಸಿ, ಹಾಡು ನೆನೆಯುವವರು ಮನಸ್ಸಿನಲ್ಲೇ ಹಾಡಿಕೊಳ್ಳಿ. ಒಟ್ಟು 30ರಿಂದ 45 ನಿಮಿಷ, ಕೆಲವೊಮ್ಮೆ ಸ್ವಲ್ಪ ಹೆಚ್ಚು.

ಡೈ ಹರಿಯುವ ಹೊತ್ತು

ಮೊದಲ ಕೆಲವು ಚಿತ್ರಗಳು ಡೈ ಇಲ್ಲದೆ. ನಂತರ “ಈಗ ಇಂಜೆಕ್ಷನ್ ಹೋಗುತ್ತಮ್ಮ” ಎಂಬ ಮಾತು ಕೇಳಿಸುತ್ತದೆ. ಯಂತ್ರವೇ ನಳಿಕೆಯ ಮೂಲಕ ಗ್ಯಾಡೊಲಿನಿಯಂ ಎಂಬ ಲೋಹದ ಸಂಯುಕ್ತವನ್ನು ರಕ್ತಕ್ಕೆ ಬಿಡುತ್ತದೆ. ತೂಕಕ್ಕೆ ತಕ್ಕ ಪ್ರಮಾಣ; ಹೆಚ್ಚೆಂದರೆ ಕೆಲವು ಚಮಚೆಯಷ್ಟು. ತೋಳಿನಲ್ಲಿ ತಣ್ಣಗೆ ಏರಿದಂತೆ ಅನಿಸಬಹುದು, ಬಾಯಲ್ಲಿ ಲೋಹದ ರುಚಿ, ಕೆಲವರಿಗೆ ಕ್ಷಣಕಾಲ ವಾಕರಿಕೆ. ಮೈ ತುರಿಕೆ, ಉಸಿರು ಬಿಗಿತ, ಸೂಜಿಯ ಜಾಗದಲ್ಲಿ ಉರಿ ಕಂಡರೆ ತಡೆದುಕೊಳ್ಳಬೇಡಿ, ಬುಗ್ಗೆ ಒತ್ತಿ. ತೀವ್ರ ಅಲರ್ಜಿ ಅಪರೂಪ. ಅದಕ್ಕೆ ಬೇಕಾದ ಔಷಧಿ ಹತ್ತಿರದಲ್ಲೇ ಇರುತ್ತದೆ.

ಡೈ ಏಕೆ ಬೇಕು? ಕ್ಯಾನ್ಸರ್ ಬೆಳೆಯಲು ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ. ಅವಸರದಲ್ಲಿ ಕಟ್ಟಿದ ಕಾಲುವೆಯ ಹಾಗೆ ಅವು ಸೋರುತ್ತವೆ. ಡೈ ಅಲ್ಲಿಗೆ ಮೊದಲೆರಡು ನಿಮಿಷದಲ್ಲೇ ನುಗ್ಗಿ ಬೇಗನೆ ಇಳಿದುಹೋಗುವುದು ಹೆಚ್ಚು. ನಿರುಪದ್ರವಿ ಗಂಟಿನಲ್ಲಿ ನಿಧಾನವಾಗಿ ಏರುತ್ತಾ ಹೋಗುವುದು ಹೆಚ್ಚು. ಆದ್ದರಿಂದ ಒಂದೇ ಜಾಗದ ಚಿತ್ರವನ್ನು ಡೈಗೆ ಮೊದಲು ಒಮ್ಮೆ, ಆಮೇಲೆ ನಿಮಿಷಗಳ ಅಂತರದಲ್ಲಿ ಹಲವು ಸಲ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಉಳಿಯುವ ಹೊಳಪೇ ವೈದ್ಯರು ಓದುವ ಅಕ್ಷರ. ನಡುವೆ ಒಂದು ಮಿಲಿಮೀಟರಿನಷ್ಟು ಅಲುಗಿದರೂ ಈ ಕಳೆಯುವ ಲೆಕ್ಕ ತಪ್ಪುತ್ತದೆ. ಅಲುಗಬೇಡಿ ಎಂದು ಅಷ್ಟು ಸಲ ಹೇಳುವುದಕ್ಕೆ ಕಾರಣ ಇದು.

ಡೈ ಮೂತ್ರದಲ್ಲಿ ಹೊರಹೋಗುತ್ತದೆ, ಬಹುಪಾಲು ಒಂದು ದಿನದೊಳಗೆ. ಕಿಡ್ನಿ ತೀರಾ ಸೋತವರಲ್ಲಿ ಹಳೆಯ ಬಗೆಯ ಕೆಲವು ಗ್ಯಾಡೊಲಿನಿಯಂ ಔಷಧಿಗಳಿಂದ ಚರ್ಮ ಬಿಗಿಯುವ ಗಂಭೀರ ಕಾಯಿಲೆ ಬಂದದ್ದುಂಟು. ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುವುದು ಅದಕ್ಕೇ. ಹಾಲೂಡಿಸುವ ತಾಯಂದಿರ ಹಾಲಿಗೆ ಸೇರುವ ಡೈ ಅತ್ಯಲ್ಪ, ಮಗುವಿನ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ಅದರಲ್ಲೂ ಒಂದು ಚೂರು. ಹಾಲು ನಿಲ್ಲಿಸಬೇಕಾಗಿಲ್ಲ ಎಂಬುದೇ ಈಗಿನ ತಜ್ಞರ ಸಲಹೆ.

ಎದ್ದ ಮೇಲೆ ಒಂದು ನಿಮಿಷ ಕೂತು ನಿಧಾನವಾಗಿ ಇಳಿಯಿರಿ. ನೀರು ಚೆನ್ನಾಗಿ ಕುಡಿಯಿರಿ. ಮಧ್ಯಾಹ್ನದ ಊಟ, ಸಂಜೆಯ ಮನೆಗೆಲಸ ಎಲ್ಲವೂ ಎಂದಿನಂತೆ.

ಅಂಕಿಯಲ್ಲಿ ಬರುವ ಉತ್ತರ

ವರದಿಯ ಕೊನೆಯಲ್ಲಿ ‘ಬೈ-ರ‍್ಯಾಡ್ಸ್’ ಎಂದು ಬರೆದು ಒಂದು ಅಂಕಿ ಇರುತ್ತದೆ. ಇದನ್ನು ಕಾಯಿಲೆಯ ಹಂತವೆಂದು ತಿಳಿದು ಕುಸಿದವರಿದ್ದಾರೆ. ಅದು ಹಂತವಲ್ಲ, ಅನುಮಾನದ ಅಳತೆ. 1 ಅಥವಾ 2 ಎಂದರೆ ಚಿಂತೆಗೆ ಕಾರಣ ಕಂಡಿಲ್ಲ. 3 ಎಂದರೆ ಬಹುತೇಕ ನಿರುಪದ್ರವಿ, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರದು. ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ ಎಂದು. 4 ಮತ್ತು 5 ಬಂದರೆ ಬಯಾಪ್ಸಿ ಬೇಕು. 6 ಎಂದರೆ ಬಯಾಪ್ಸಿಯಲ್ಲಿ ಆಗಲೇ ಖಚಿತವಾದದ್ದು. 0 ಬಂದರೆ ಮಾಹಿತಿ ಸಾಲದು, ಇನ್ನೊಂದು ಚಿತ್ರ ಬೇಕು ಎಂದಷ್ಟೇ. ಎಂಆರ್‌ಐನಲ್ಲಿ ಹೊಸದಾಗಿ ಏನಾದರೂ ಕಂಡರೆ ಅದೇ ಜಾಗವನ್ನು ಅಲ್ಟ್ರಾಸೌಂಡಿನಲ್ಲಿ ಮತ್ತೆ ಹುಡುಕುವುದು ವಾಡಿಕೆ. ಮತ್ತೆ ಕರೆದರು ಎಂದ ಮಾತ್ರಕ್ಕೆ ಕೆಟ್ಟ ಸುದ್ದಿ ಎಂದುಕೊಳ್ಳಬೇಡಿ.

ಹಳೆಯ ಮ್ಯಾಮೊಗ್ರಾಂ ಫಿಲ್ಮು, ಸ್ಕ್ಯಾನ್ ಸಿ.ಡಿ., ಬಯಾಪ್ಸಿ ವರದಿಗಳನ್ನು ಒಂದೇ ಕವರಿನಲ್ಲಿಟ್ಟು ಪ್ರತಿ ಸಲವೂ ಒಯ್ಯಿರಿ. ಹೋದ ವರ್ಷವೂ ಇಷ್ಟೇ ಇತ್ತು ಎಂದು ತಿಳಿದರೆ ಎಷ್ಟೋ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಬೀರುವಿನಲ್ಲಿ ಜಮೀನಿನ ಪಹಣಿ ಕಾದಿಡುವಷ್ಟೇ ಜತನದಿಂದ ಈ ಕಾಗದಗಳನ್ನೂ ಕಾದಿಡಿ.

ಹೇಳುವುದೂ ಚಿಕಿತ್ಸೆಯೇ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕವನ್ನು ಬರೆದಿಡುತ್ತಾ ಬಂದಿದೆ. ಇಂದು ಅಲ್ಲಿಯೂ ದೇಶದಲ್ಲೂ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಸ್ತನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಈ ಕಾಯಿಲೆ ಕಂಡವರು ಸುಮಾರು 1.92 ಲಕ್ಷ, ತೀರಿಕೊಂಡವರು ಸುಮಾರು 98 ಸಾವಿರ. ಬೇಗ ಕಂಡರೆ ಗುಣವಾಗುವ ಕಾಯಿಲೆ ಇದು. ಹಾಗಿದ್ದೂ ಇಷ್ಟು ಜನರನ್ನು ಕಳೆದುಕೊಳ್ಳುತ್ತಿರುವುದಕ್ಕೆ ತಡವಾಗಿ ಬರುವುದು ದೊಡ್ಡ ಕಾರಣ. ಆ ತಡಕ್ಕೆ ದುಡ್ಡು, ದೂರ, ಮನೆಗೆಲಸದ ಜೊತೆಗೆ ಹೇಳಿಕೊಳ್ಳಲಾಗದ ಭಯವೂ ಸೇರಿದೆ.

ದುಡ್ಡು, ದೂರದ ಪರಿಹಾರ ಸರ್ಕಾರದ ಕೈಲಿದೆ. ಭಯದ ಪರಿಹಾರ ನಮ್ಮ ಕೈಲೇ ಇದೆ. ಚೀಟಿ ಬರೆಯುವ ವೈದ್ಯರು ಎರಡು ನಿಮಿಷ ಬಿಡಿಸಿ ಹೇಳಲಿ. ಸ್ಕ್ಯಾನ್ ಕೇಂದ್ರಗಳು ಕನ್ನಡದಲ್ಲೊಂದು ಹಾಳೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಲಿ. ಓದಲು ಬಾರದವರಿಗೆ ಅವರ ಮನೆಮಾತಿನಲ್ಲೇ ಹೇಳುವ ಒಬ್ಬ ಹೆಣ್ಣುಮಗಳನ್ನು ಕೂರಿಸಲಿ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳು ಬಾಣಂತನದ ಮಾತಿನ ಹಾಗೆ ಈ ಮಾತನ್ನೂ ಸಂಕೋಚವಿಲ್ಲದೆ ಆಡಲಿ.

ಗಂಟು ಕೈಗೆ ಸಿಕ್ಕಿದರೆ, ಮೊಲೆತೊಟ್ಟು ಒಳಕ್ಕೆ ಸೆಳೆದರೆ, ಅದರಿಂದ ರಕ್ತ ಒಸರಿದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಬಿದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ, ಅದೇ ವಾರ ವೈದ್ಯರಿಗೆ ತೋರಿಸಿ. ಎಂಆರ್‌ಐ ಬೇಕೆಂದರೆ ಹೆದರದೆ ಹೋಗಿ. ಮಾಡಿಸಿಕೊಂಡು ಬಂದವರು ಪಕ್ಕದ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಬೋರಲು ಮಲಗಿಸಿದರು, ಸದ್ದಾಯಿತು, ತೋಳು ತಣ್ಣಗಾಯಿತು, ಎದ್ದು ಬಂದೆ.